ಕೇಸ್‌ಪೇಪರಿನಲ್ಲಿ ಬರೆಯದೆ ಉಳಿದ ಮಾತು

ಬಹುಮಾನ ವಿತರಣೆಯ ದಿನ ಮೊದಲ ಸ್ಥಾನ ಪಡೆದ ಮಕ್ಕಳನ್ನು ವೇದಿಕೆಯ ಮೇಲೆ ನಿಲ್ಲಿಸಿ, ಮುಂದೆ ಏನಾಗಬೇಕೆಂದಿರುವಿ ಎಂದು ಕೇಳುವ ಪದ್ಧತಿ ನಮ್ಮ ಶಾಲೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹೆಚ್ಚಿನ ಮಕ್ಕಳು "ಡಾಕ್ಟರ್" ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಅಧ್ಯಕ್ಷರು ಎದ್ದು, ಸೊಲ್ಲಾಪುರದಲ್ಲಿ ಹುಟ್ಟಿ, ಚೀನಾ ದೇಶದ ಯುದ್ಧಭೂಮಿಯಲ್ಲಿ ಗಾಯಾಳುಗಳ ಸೇವೆ ಮಾಡುತ್ತಲೇ 1942ರಲ್ಲಿ ಕಣ್ಣುಮುಚ್ಚಿದ ಡಾ. ದ್ವಾರಕಾನಾಥ ಕೋಟ್ಣೀಸರ ಹೆಸರನ್ನು ಸ್ಮರಿಸುತ್ತಾರೆ. ತಾಯಂದಿರ ಕಣ್ಣು ತುಂಬುತ್ತದೆ. ಈ ಸಲ ಆ ಚಪ್ಪಾಳೆಯಲ್ಲಿ ಕೈಗೂಡಿಸುವ ಮೊದಲು ನಾವು ಸ್ವಲ್ಪ ತಡೆದೆವು. ಡಾಕ್ಟರಾಗುವುದು ಸರಿ, ಎಂಥ ಪಾಠ ಓದಿದ ಡಾಕ್ಟರ್ ಎಂಬ ಪ್ರಶ್ನೆ ಮನಸ್ಸಿನಲ್ಲಿ ಎದ್ದಿತು. ಅದಕ್ಕೆ ನಮ್ಮ ಮನೆಯಲ್ಲಿಯೇ ಒಂದು ಕಾರಣವುಂಟು.

ಕೆಲವು ವರ್ಷಗಳ ಹಿಂದಿನ ಮಾತು. ಸೊಲ್ಲಾಪುರದಲ್ಲಿದ್ದ ನಮ್ಮ ಸೋದರತ್ತೆಗೆ ಆಗ ಐವತ್ತೆಂಟು ವಯಸ್ಸು. ಮೂವತ್ತು ವರ್ಷ ಪಡಸಾಲೆಯಲ್ಲಿ ಕುಳಿತು, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಿದವಳು. ಒಂದು ವಾರದಿಂದ ಆಕೆಗೆ ದಣಿವು, ಓಕರಿಕೆ. ನಾಲ್ಕು ಮೆಟ್ಟಿಲು ಏರಿದರೆ ಏದುಸಿರು. ರಜೆಗೆ ಹೋಗಿದ್ದ ನಾವು ಆಕೆಯನ್ನು ಹತ್ತಿರದ ಒಂದು ದವಾಖಾನೆಗೆ ಕರೆದೊಯ್ದೆವು. ಡಾಕ್ಟರು ತರುಣರು, ಸೌಜನ್ಯವಂತರು, ಮರಾಠಿಯವರು. ಅತ್ತೆಗೆ ಮರಾಠಿ ಬಾರದೆ ಇರಲಿಲ್ಲ. ಆದರೆ ಅದು ಬಜಾರದ ಮರಾಠಿ. ಬದನೆಕಾಯಿಯ ದರ ಇಳಿಸಲು ಸಾಕಾಗುತ್ತಿತ್ತು, ತನ್ನ ಮೈಯ ಒಳಗಿನ ಮಾತು ಹೇಳಲು ಸಾಲುತ್ತಿರಲಿಲ್ಲ. "ಕಾಯ್ ಹೋತಯ್?" ಎಂದು ಡಾಕ್ಟರು ಕೇಳಿದರು. ಕೇಳಿದ್ದು ಆಕೆಯನ್ನಲ್ಲ, ನಮ್ಮನ್ನು. ನಾವೂ ದೊಡ್ಡ ಮನುಷ್ಯರಂತೆ ಉತ್ತರ ಕೊಟ್ಟೆವು: ಪಿತ್ತ ಸಾಹೇಬರೇ, ಮೊದಲಿನಿಂದಲೂ ಹೀಗೆಯೇ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ. ಅತ್ತೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನಮ್ಮ ಅಂಗಿಯ ತೋಳು ಜಗ್ಗಿದಳು. "ಹಂಗಲ್ಲೋ ತಮ್ಮಾ, ಬೆನ್ನಾಗಿಂದ ಎದ್ದು ಗದ್ದಕ್ಕ ಜಗ್ಗತದ..." ಎಂದಳು. "ಇರು ಅತ್ತಿ, ನಾ ಹೇಳ್ತೀನಿ" ಎಂದೆವು ನಾವು. ಹೇಳಲಿಲ್ಲ. ಹೊರಗೆ ಸಾಲಿನಲ್ಲಿ ನಲವತ್ತು ಮಂದಿ ಇದ್ದರು. ಕೇಸ್‌ಪೇಪರಿನಲ್ಲಿ ಹೆಸರು, ವಯಸ್ಸು, ಉದ್ಯೋಗದ ಮುಂದೆ 'ಗೃಹಿಣಿ', ಕೆಳಗೆ ಪಿತ್ತದ ಗುಳಿಗೆ. ಹತ್ತು ನಿಮಿಷದಲ್ಲಿ ಹೊರಬಿದ್ದೆವು.

ಎಂಟನೆಯ ದಿನ ನಡುರಾತ್ರಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕಾಯಿತು. ಈ.ಸಿ.ಜಿ. ತೆಗೆದವರು, ಹೃದಯಾಘಾತವಾಗಿ ಆಗಲೇ ಹಲವು ದಿನ ಕಳೆದಿವೆ ಎಂದರು. ಅತ್ತೆ ಮುಂದೆ ಎರಡು ವರ್ಷ ಬದುಕಿದಳು. ಅಂಗಳದ ಬೇವಿನ ಗಿಡದ ತನಕ ನಡೆದರೆ ಕೂಡಬೇಕಾಗುತ್ತಿತ್ತು. ನಮ್ಮ ಮೇಲೆ ಆಕೆ ಎಂದೂ ಸಿಟ್ಟಾಗಲಿಲ್ಲ. ಒಮ್ಮೆ ಮಾತ್ರ ಅಂದಿದ್ದಳು: "ನಾ ಹೇಳಾಕ ಬಂದಿದ್ನೆಪಾ. ನನ್ನ ಯಾರ್ ಕೇಳಿದ್ರು?"

ತಪ್ಪು ಮೊದಲು ನಮ್ಮದು. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಬರೆಯುತ್ತಿದ್ದೇವೆ. ಆದರೆ ಆ ತರುಣ ಡಾಕ್ಟರರ ತಪ್ಪು ಎಷ್ಟು ಎಂದು ಯೋಚಿಸಿದಾಗ, ಅವರು ತಮಗೆ ಕಲಿಸಿದ್ದನ್ನೇ ಮಾಡಿದರೆಂದು ತೋರಿತು. ಎದೆಯ ನಡುವೆ ಕಲ್ಲು ಹೇರಿದಂಥ ನೋವು, ಎಡಗೈಗೆ ಹರಿಯುವ ಸೆಳೆತ, ಬೆವರು ಇವು ಹೃದಯಾಘಾತದ ಲಕ್ಷಣಗಳೆಂದು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಹೆಂಗಸರಿಗೂ ಬಹುವಾಗಿ ಎದೆನೋವೇ ಬರುತ್ತದೆ. ಆದರೆ ಗಂಡಸರಿಗಿಂತ ಹೆಚ್ಚಾಗಿ ಅವರಲ್ಲಿ ಓಕರಿಕೆ, ವಿಪರೀತ ಆಯಾಸ, ಏದುಸಿರು, ಬೆನ್ನು ಅಥವಾ ದವಡೆಯ ನೋವು ಕಾಣಿಸಿಕೊಳ್ಳುತ್ತವೆ. ಇಂಥವನ್ನು ವೈದ್ಯಶಾಸ್ತ್ರದ ಪುಸ್ತಕಗಳು ಬಹುಕಾಲ 'ಅಸಾಮಾನ್ಯ ಲಕ್ಷಣಗಳು' ಎಂದು ಕರೆದುಕೊಂಡು ಬಂದವು. ಮನುಷ್ಯಕುಲದ ಅರ್ಧಪಾಲಿನಲ್ಲಿ ಮತ್ತೆ ಮತ್ತೆ ಕಾಣುವುದು ಅಸಾಮಾನ್ಯ ಹೇಗಾಯಿತು? ಗಂಡಸಿನ ಮೈಯನ್ನು ಅಳತೆಗೋಲಾಗಿ ಇಟ್ಟುಕೊಂಡದ್ದರಿಂದ ಆಯಿತು, ಬೇರೆ ಕಾರಣವಿಲ್ಲ.

ಅಳತೆಗೋಲಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಅಮೇರಿಕೆಯಲ್ಲಿ 1977ರಲ್ಲಿ ಸರಕಾರದ ಔಷಧ ಇಲಾಖೆಯೇ, ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಹೊಸ ಔಷಧಗಳ ಆರಂಭದ ಪರೀಕ್ಷೆಗಳಿಂದ ದೂರವಿಡಬೇಕೆಂದು ಸೂಚಿಸಿತ್ತು. ಉದ್ದೇಶ ಕೆಟ್ಟದ್ದಲ್ಲ, ಹುಟ್ಟುವ ಕೂಸಿಗೆ ಅಪಾಯವಾಗದಿರಲಿ ಎಂದು. ಆದರೆ ಪರಿಣಾಮ ಏನಾಯಿತು? ಗಂಡಸರ ಮೇಲೆ ಹೆಚ್ಚಾಗಿ ಪರೀಕ್ಷಿಸಿದ ಗುಳಿಗೆಗಳನ್ನು ಹೆಂಗಸರೂ ಅದೇ ಪ್ರಮಾಣದಲ್ಲಿ ನುಂಗಿದರು. ಆ ನಿಯಮವನ್ನು 1993ರಲ್ಲಿ ತೆಗೆದರು. ಜೋಲ್ಪಿಡೆಮ್ ಎಂಬ ನಿದ್ರೆಯ ಗುಳಿಗೆ ಹೆಂಗಸರ ಮೈಯಿಂದ ನಿಧಾನವಾಗಿ ಹೊರಹೋಗುತ್ತದೆಂದು ಅರಿತು, ಹೆಂಗಸರಿಗೆ ಅದರ ಪ್ರಮಾಣವನ್ನು ಅರ್ಧಕ್ಕೆ ಇಳಿಸಲು ಅದೇ ಇಲಾಖೆ ಹೇಳಿದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಆ ಗುಳಿಗೆ ಅಂಗಡಿಗೆ ಬಂದು ಇಪ್ಪತ್ತು ವರ್ಷವಾಗಿತ್ತು.

ಹಾಗಾದರೆ ಎಲ್ಲವೂ ಮೈಯ ಭೇದವೇ? ಅಲ್ಲ. ಇಲ್ಲಿ ಪಾಲಕರು ಒಂದು ಸೂಕ್ಷ್ಮವನ್ನು ಗಮನಿಸಬೇಕೆಂದು ನಮ್ಮ ವಿನಂತಿ. ಹೆಣ್ಣು-ಗಂಡು ಎಂಬ ದೇಹದ ವ್ಯತ್ಯಾಸ ಪ್ರಕೃತಿಯದು. ಮನೆಯಲ್ಲಿ ಯಾರು ಮೊದಲು ಉಣ್ಣಬೇಕು, ಕಡೆಗೆ ಉಳಿದ ಅರ್ಧ ರೊಟ್ಟಿ ಯಾರ ಪಾಲು, ಯಾರು ಹೊಗೆಯಲ್ಲಿ ಕೂಡಬೇಕು, ದವಾಖಾನೆಗೆ ಹೋಗಲು ಯಾರು ಯಾರ ಅಪ್ಪಣೆ ಕೇಳಬೇಕು, ಯಾರು ಅಳಬಾರದು ಎಂಬುದೆಲ್ಲ ನಾವು ಕಟ್ಟಿಕೊಂಡ ಕಟ್ಟಳೆ. ಈ ಎರಡನೆಯದನ್ನು ಇಂಗ್ಲಿಷಿನಲ್ಲಿ ಜೆಂಡರ್ ಎನ್ನುತ್ತಾರೆ, ಕನ್ನಡದಲ್ಲಿ ಲಿಂಗತ್ವವೆಂಬ ಮಾತು ಬಳಕೆಗೆ ಬಂದಿದೆ. ರೋಗವು ಮೈಗೆ ಬರುತ್ತದೆ, ನಿಜ. ಆದರೆ ಅದು ಈ ಕಟ್ಟಳೆಗಳ ದಾರಿಯಲ್ಲಿ ನಡೆದು ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ಮುಟ್ಟು, ಬಸಿರು, ಬಾಣಂತನಗಳಲ್ಲಿ ಹೋಗುವ ರಕ್ತ ಇದಕ್ಕೆ ಒಂದು ಕಾರಣ. ಊಟದ ಸರದಿ ಇನ್ನೊಂದು. ಮೊದಲನೆಯದನ್ನು ಮಾತ್ರ ಓದಿದ ಡಾಕ್ಟರು ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟು ಕಳಿಸುತ್ತಾರೆ. ಎರಡನೆಯದನ್ನೂ ಓದಿದವರು, "ಅವ್ವಾ, ಮನಿಯಾಗ ನೀ ಯಾವಾಗ ಉಣ್ತೀ?" ಎಂದು ಕೇಳುತ್ತಾರೆ, ಜೊತೆಗೆ ಬಂದ ಗಂಡನ ಮುಖವನ್ನೂ ನೋಡುತ್ತಾರೆ.

ನಮ್ಮ ಅತ್ತೆಯ ಕೇಸ್‌ಪೇಪರಿನ 'ಗೃಹಿಣಿ' ಎಂಬ ಪದಕ್ಕೆ ಮರಳೋಣ. ರೋಗಿಯನ್ನು "ನಿನ್ನ ಕಸುಬೇನು?" ಎಂದು ತಪ್ಪದೆ ಕೇಳಬೇಕೆಂದು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜ್ಜಿನಿ 1700ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಮುನ್ನೂರು ವರ್ಷಗಳಾದರೂ ಹೆಂಗಸಿನ ವಿಷಯದಲ್ಲಿ ಆ ಪ್ರಶ್ನೆ ಕೇಳುವವರು ಕಡಿಮೆ. ಮನೆಯಲ್ಲಿ ಕುಳಿತು ಮಾಡುವುದು ಕೆಲಸವಲ್ಲವೆಂದು ಡಾಕ್ಟರರೂ ನಾವೂ ತಿಳಿದಿದ್ದೇವೆ. ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿದ್ದಾರೆ. ತಂಬಾಕಿನ ಧೂಳು ಅವರ ಉಸಿರಿನಲ್ಲಿ ಸೇರುತ್ತದೆ, ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯಬಲ್ಲದು. ಒಂದು ಬೀಡಿಯನ್ನೂ ಸೇದದವಳ ಮೈಯಲ್ಲಿ ತಂಬಾಕು ಸೇರಿರಬಹುದೆಂಬುದು 'ಗೃಹಿಣಿ' ಎಂದು ಬರೆದ ಕಾಗದದಿಂದ ಹೇಗೆ ತಿಳಿಯಬೇಕು?

ಕೇಳಿದರೆ ಏನು ತಿಳಿಯುತ್ತದೆ ಎಂಬುದಕ್ಕೆ ನಮ್ಮ ಮಹಾರಾಷ್ಟ್ರದಲ್ಲಿಯೇ ಒಂದು ದೊಡ್ಡ ಉದಾಹರಣೆಯಿದೆ. ಗಡಚಿರೋಲಿಯ ಕಾಡುಸೀಮೆಯಲ್ಲಿ ಡಾ. ರಾಣಿ ಬಂಗ್ ಮತ್ತು ಡಾ. ಅಭಯ ಬಂಗ್ ದಂಪತಿಗಳು ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ, ಫಲಿತಾಂಶವನ್ನು 1989ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಹಿಂದೆ ಎಂದಾದರೂ ಅದಕ್ಕಾಗಿ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ 8 ಮಂದಿ ಮಾತ್ರ. ಆ ಕಾಲದಲ್ಲಿ ಹೆಂಗಸರ ಆರೋಗ್ಯವೆಂದರೆ ಹೆರಿಗೆ, ಇಲ್ಲವೆ ಕುಟುಂಬ ಯೋಜನೆ. ನಡುವೆ ಇರುವ ಇಡೀ ಬದುಕು ಲೆಕ್ಕದಲ್ಲಿ ಇರಲೇ ಇಲ್ಲ. ರೋಗ ಹೊಸದಲ್ಲ, ನೋವು ಹೊಸದಲ್ಲ; ಹೋಗಿ ಕೇಳಿದ್ದಷ್ಟೇ ಹೊಸದು.

ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗುವುದು ಬೇಡ. ಬೀಡ ಜಿಲ್ಲೆಯಿಂದ ಪ್ರತಿವರ್ಷ ಗಂಡ-ಹೆಂಡತಿ ಜೋಡಿಯಾಗಿ ಕಬ್ಬು ಕಡಿಯಲು ಹೊರಡುತ್ತಾರೆ. ನಮ್ಮ ಸೀಮೆಯ ಗದ್ದೆಗಳಲ್ಲಿಯೂ ಅವರ ಗುಡಿಸಲುಗಳನ್ನು ನೀವು ಕಂಡಿರಬಹುದು. ಒಂದು ದಿನ ಕೆಲಸ ತಪ್ಪಿದರೆ ದಂಡ. ಇದ್ದಲ್ಲಿ ಶೌಚಾಲಯವಿಲ್ಲ, ಸ್ನಾನಕ್ಕೆ ಮರೆಯಿಲ್ಲ. ಸೋಂಕು ತಗಲಿ, ಹೊಟ್ಟೆನೋವೆಂದು ಹೋದ ಹೆಂಗಸರಿಗೆ ಗರ್ಭಕೋಶ ತೆಗೆಸಿಬಿಡು, ಇಲ್ಲದಿದ್ದರೆ ಕ್ಯಾನ್ಸರ್ ಆದೀತೆಂದು ಹೇಳಿದ ವೈದ್ಯರಿದ್ದರು. 2019ರಲ್ಲಿ ಇದು ಬಯಲಿಗೆ ಬಂದು, ಶ್ರೀಮತಿ ನೀಲಂ ಗೋರ್ಹೆಯವರ ಅಧ್ಯಕ್ಷತೆಯಲ್ಲಿ ಸರಕಾರ ಸಮಿತಿಯೊಂದನ್ನು ನೇಮಿಸಿತು. ಸಮೀಕ್ಷೆಗೆ ಒಳಪಟ್ಟ 82,309 ಹೆಂಗಸರಲ್ಲಿ 13,861 ಮಂದಿಯ ಗರ್ಭಕೋಶ ತೆಗೆದದ್ದು ಕಂಡುಬಂತು. ಅವರಲ್ಲಿ ಮೂವತ್ತು-ಮೂವತ್ತೈದರ ತರುಣಿಯರೂ ಇದ್ದರು. ಹಣದ ಆಸೆ ಒಂದು ಕಡೆ ಇರಲಿ. "ಮಕ್ಕಳಾದವು, ಇನ್ನು ಆ ಚೀಲ ಯಾತಕ್ಕೆ?" ಎಂಬ ಮಾತು ಡಾಕ್ಟರರ ಬಾಯಲ್ಲಿ ಅಷ್ಟು ಸಲೀಸಾಗಿ ಬರಬೇಕಾದರೆ, ಹೆಣ್ಣೆಂದರೆ ಹೆರುವ ಯಂತ್ರವೆಂಬ ಪಾಠ ಎಲ್ಲಿಯೋ ಮನಸ್ಸಿನಲ್ಲಿ ಕೂತಿರಬೇಕು. ಆ ಹೆಂಗಸರಿಗೆ ಬೇಕಾಗಿದ್ದದ್ದು ನೀರು, ಮರೆ, ಔಷಧ ಮತ್ತು ಎರಡು ದಿನದ ರಜೆ. ಇದೇ ಪಾಠದ ಇನ್ನೊಂದು ಮುಖ ನೋಡಿರಿ: ಕುಟುಂಬ ಯೋಜನೆಯ ಶಸ್ತ್ರಕ್ರಿಯೆ ಗಂಡಸಿಗೆ ಸರಳ, ಹೆಂಗಸಿಗೆ ತೊಡಕಿನದು. ಆದರೂ ಮೇಲೆ ಹೇಳಿದ ಸಮೀಕ್ಷೆಯಲ್ಲಿ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಮಂದಿ ತಾವೇ ಶಸ್ತ್ರಕ್ರಿಯೆ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡದ್ದು ನೂರಕ್ಕೆ ಒಂದು ಕೂಡ ಇಲ್ಲ.

ನಮ್ಮ ಪಾಲಕರೊಬ್ಬರು ಈ ಮಾತು ಕೇಳಿ, "ಗುರುಗಳೇ, ಹುಡುಗಿಯರು ಡಾಕ್ಟರಾದರೆ ಇದೆಲ್ಲ ತಾನೇ ಸರಿಹೋಗುತ್ತದಲ್ಲ?" ಎಂದರು. ಒಳ್ಳೆಯ ಪ್ರಶ್ನೆ. ಹುಡುಗಿಯರು ಡಾಕ್ಟರಾಗಲೇಬೇಕು. ಆನಂದಿಬಾಯಿ ಜೋಶಿಯವರು ಹತ್ತು ದಿನದ ಕೂಸನ್ನು ಕಳೆದುಕೊಂಡ ದುಃಖದಲ್ಲಿ ವೈದ್ಯೆಯಾಗುವ ಪಣ ತೊಟ್ಟು, ಸಮುದ್ರ ದಾಟಿ, 1886ರಲ್ಲಿ ಅಮೇರಿಕೆಯಲ್ಲಿ ಪದವಿ ಪಡೆದು ಬಂದರು. ಮರುವರ್ಷವೇ, 22 ತುಂಬುವ ಮೊದಲೇ ತೀರಿಕೊಂಡರು. ಬಾಲ್ಯವಿವಾಹವನ್ನು ಒಪ್ಪದೆ ನ್ಯಾಯಾಲಯದಲ್ಲಿ ನಿಂತ ರುಕ್ಮಾಬಾಯಿಯವರು ಲಂಡನ್ನಿನಲ್ಲಿ ಓದಿ ಬಂದು ದಶಕಗಳ ಕಾಲ ವೈದ್ಯೆಯಾಗಿ ದುಡಿದರು. ಇಂದು ನಮ್ಮ ವೈದ್ಯಕೀಯ ಕಾಲೇಜುಗಳ ತರಗತಿಗಳಲ್ಲಿ ಹುಡುಗಿಯರ ಸಂಖ್ಯೆ ಹುಡುಗರಿಗೆ ಸರಿಸಮವಾಗುತ್ತ ಬಂದಿದೆ. ಆದರೆ ಹುಡುಗಿ ಓದುವುದೂ ಅದೇ ಪುಸ್ತಕವನ್ನೇ. ಹೆರಿಗೆಯ ಕೋಣೆಯಲ್ಲಿ ನೋವಿನಿಂದ ಕೂಗುವ ಬಡ ಹೆಂಗಸನ್ನು ಗದರಿಸುವವರು ಗಂಡಸರೇ ಎಂದು ಯಾವ ತಾಯಿಯೂ ಹೇಳಲಾರಳು.

ಪುಸ್ತಕದಲ್ಲಿ ತಪ್ಪು ಪಾಠವಿದ್ದರೆ ಅದು ಎಷ್ಟು ಹಟಮಾರಿಯೆಂಬುದನ್ನು ನ್ಯಾಯವೈದ್ಯಶಾಸ್ತ್ರದ ಕಥೆ ತೋರಿಸುತ್ತದೆ. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳ ಮೇಲೆ ನಡೆಸುತ್ತಿದ್ದ ಒಂದು ಅವಮಾನಕರ ಪರೀಕ್ಷೆಯನ್ನು, ಅದರ ವಿವರ ಇಲ್ಲಿ ಬೇಡ, ತಲೆಮಾರುಗಳ ಕಾಲ ವಿಜ್ಞಾನವೆಂದೇ ಕಲಿಸಿದರು. ಅದು ಹೆಣ್ಣಿನ ಮಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹೇಳಿತು. ಹೇಳಿದರೂ ನಿಲ್ಲಲಿಲ್ಲ. 2022ರ ಅಕ್ಟೋಬರ್ 31ರಂದು ಅದೇ ನ್ಯಾಯಾಲಯ, ಆ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ವೈದ್ಯಕೀಯ ಕಾಲೇಜುಗಳ ಪಠ್ಯಕ್ರಮದಿಂದಲೇ ತೆಗೆಯುವಂತೆ ಪಾಠಗಳನ್ನು ಪರಿಶೀಲಿಸಿರಿ ಎಂದು ಆಜ್ಞೆ ಮಾಡಬೇಕಾಯಿತು. ಅಷ್ಟಾದರೂ 2024ರ ಆಗಸ್ಟಿನಲ್ಲಿ ಹೊರಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಠ್ಯಸೂಚಿಯಲ್ಲಿ, ಕನ್ಯತ್ವವೇ ಮೊದಲಾದ ಹಳೆಯ ಪಾಠಗಳು ಮತ್ತೆ ನುಸುಳಿಕೊಂಡಿದ್ದವು. ಆಕ್ಷೇಪಣೆಗಳೆದ್ದು, ಸಪ್ಟೆಂಬರಿನಲ್ಲಿ ಆಯೋಗವು ಅದನ್ನು ಹಿಂತೆಗೆದುಕೊಂಡು ತಿದ್ದಿತು. ಹೊಲದ ಕರಿಕೆಯನ್ನು ಒಂದು ಸಲ ಕಿತ್ತರೆ ಆಗಲಿಲ್ಲ.

ಒಳ್ಳೆಯ ಪ್ರಯತ್ನವೂ ನಡೆದಿದೆ, ಅದೂ ನಮ್ಮ ರಾಜ್ಯದಲ್ಲಿಯೇ. ಮುಂಬಯಿಯ 'ಸೆಹತ್' ಎಂಬ ಸಂಶೋಧನ ಸಂಸ್ಥೆಯು ಮಹಾರಾಷ್ಟ್ರದ ವೈದ್ಯಕೀಯ ಶಿಕ್ಷಣ ಸಂಚಾಲನಾಲಯದೊಡನೆ ಹಾಗೂ ನಾಸಿಕದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದೊಡನೆ ಸೇರಿ, ಎಂ.ಬಿ.ಬಿ.ಎಸ್. ಪಾಠಗಳಲ್ಲಿ ಲಿಂಗತ್ವದ ದೃಷ್ಟಿಯನ್ನು ತರುವ ಕೆಲಸವನ್ನು ಕೈಗೊಂಡಿತು. ನಮಗೆ ಅದರಲ್ಲಿ ಮೆಚ್ಚಿಕೆಯಾದದ್ದು ಎರಡು. ಮೊದಲು ವಿದ್ಯಾರ್ಥಿಗಳಿಗಲ್ಲ, ಕಲಿಸುವ ಪ್ರಾಧ್ಯಾಪಕರಿಗೆ ತರಬೇತಿ ಕೊಟ್ಟರು. ಶಿಕ್ಷಕರಾದ ನಮಗೆ ಇದರ ಅರ್ಥ ಚೆನ್ನಾಗಿ ಆಗುತ್ತದೆ. ಎರಡನೆಯದು, 'ಸ್ತ್ರೀಯರ ಸಮಸ್ಯೆಗಳು' ಎಂಬ ಬೇರೆ ಪುಸ್ತಕ ಮಾಡಿ ಕಪಾಟಿನಲ್ಲಿ ಇಡಲಿಲ್ಲ. ಪ್ರಸೂತಿಶಾಸ್ತ್ರ, ಸಾಮಾನ್ಯ ವೈದ್ಯ, ಮನೋರೋಗ, ನ್ಯಾಯವೈದ್ಯ, ಸಮುದಾಯ ಆರೋಗ್ಯ ಎಂಬ ಐದು ವಿಷಯಗಳ ನಿತ್ಯದ ಪಾಠದೊಳಗೇ ಅದನ್ನು ಬೆರೆಸಿದರು. ಪಾಠ ಬೇರೆ, ನೀತಿಪಾಠ ಬೇರೆ ಎಂದಾದ ಕೂಡಲೆ ಮಕ್ಕಳು ಎರಡನೆಯದರಲ್ಲಿ ನಿದ್ದೆಹೋಗುವುದು ನಮಗೆ ಗೊತ್ತಿಲ್ಲದ್ದೇ?

ಇದು ಹೆಂಗಸರ ಪಕ್ಷಪಾತವೆಂದು ಯಾರಾದರೂ ತಿಳಿದರೆ ತಪ್ಪಾಗುತ್ತದೆ. ಕ್ಷಯರೋಗ ಗಂಡಸರಲ್ಲಿಯೇ ಹೆಚ್ಚು. ಎದೆ ಒತ್ತಿದರೂ "ಏನಾಗೂದಿಲ್ಲ ಬಿಡು" ಎಂದು ಹೊಲಕ್ಕೆ ನಡೆಯುವವರು, ಮನಸ್ಸಿನ ಭಾರವನ್ನು ಬಾಟಲಿಯಲ್ಲಿ ಮುಳುಗಿಸುವವರು ಗಂಡಸರು. ಗಂಡಸಾದವನು ನೋವೆನ್ನಬಾರದು ಎಂಬುದೂ ನಾವು ಹಾಕಿದ ಕಟ್ಟಳೆಯೇ. ಅದನ್ನೂ ಡಾಕ್ಟರರು ಬಲ್ಲವರಾಗಿರಬೇಕು.

ವೈದ್ಯಕೀಯ ಕಾಲೇಜಿನ ಹುಡುಗರ ಮೇಲೆ ಮೊದಲೇ ಪುಸ್ತಕಗಳ ಹೊರೆಯಿದೆ, ಸರಕಾರಿ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಮೂರು ನಿಮಿಷ ಸಿಗುವುದೂ ಕಷ್ಟ, ಇದನ್ನೆಲ್ಲ ಕೇಳುತ್ತ ಕೂಡುವುದು ಸಾಧ್ಯವೇ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಡಾಕ್ಟರರ ಸಂಖ್ಯೆ ಹೆಚ್ಚದೆ ಯಾವ ಪಾಠವೂ ಪೂರ್ತಿ ಫಲ ಕೊಡಲಾರದು. ಆದರೆ ನಮ್ಮ ಅತ್ತೆಯ ವಿಷಯದಲ್ಲಿ ಬೇಕಾಗಿದ್ದದ್ದು ಅರ್ಧ ನಿಮಿಷ. ನಮ್ಮನ್ನು ಹೊರಗೆ ಕಳಿಸಿ, "ಆಜೀ, ತುಮ್ಹೀ ಸಾಂಗಾ" ಎಂದು ಆಕೆಯ ಕಡೆ ತಿರುಗಿ ಕೂತಿದ್ದರೆ ಸಾಕಿತ್ತು. ಮಾತು ತಿಳಿಯದಿದ್ದರೆ, ಕೈ ಎಲ್ಲಿ ಹೋಗುತ್ತದೆ ಎಂದು ನೋಡಿದ್ದರೂ ಸಾಕಿತ್ತು.

ಗಡಿನಾಡಿನ ನಮಗೆ ಇಲ್ಲಿ ಎರಡು ಬಾಗಿಲು. ಹೆಣ್ಣೆಂಬುದು ಒಂದು, ಕನ್ನಡವೆಂಬುದು ಇನ್ನೊಂದು. ಗಂಡಸರು ಕೋರ್ಟು, ಕಚೇರಿ, ಸಂತೆಯೆಂದು ತಿರುಗಿ ಮರಾಠಿಯಲ್ಲಿ ಪಳಗುತ್ತಾರೆ. ಮನೆಯೊಳಗಿನ ತಾಯಿ, ಅಜ್ಜಿಯರ ನೋವು ಕನ್ನಡದಲ್ಲಿಯೇ ಉಳಿಯುತ್ತದೆ. ಹೀಗಾಗಿ ಅವರ ರೋಗಕ್ಕೆ ದುಭಾಷಿ ಗಂಡ, ಇಲ್ಲವೆ ಮಗ. ಸೊಸೆ ಮಾವನ ಮುಂದೆ, ತಾಯಿ ಮಗನ ಮುಂದೆ ಯಾವ ನೋವನ್ನು ಹೇಳಿಯಾಳು, ಯಾವುದನ್ನು ನುಂಗಿಯಾಳು? 2019ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಹೊಸ ವಿದ್ಯಾರ್ಥಿಗಳಿಗೆ ಸ್ಥಳೀಯ ಭಾಷೆ ಕಲಿಸಬೇಕೆಂಬ ಏರ್ಪಾಡಿದೆ, ರೋಗಿಯೊಡನೆ ಮಾತಾಡುವ ರೀತಿಗೆ ಬೇರೆ ಪಾಠಗಳೂ ಇವೆ. ಬಹಳ ಸಂತೋಷ. ಆದರೆ ಸೊಲ್ಲಾಪುರಕ್ಕೆ ಬರುವ ಅಕ್ಕಲಕೋಟ ಸೀಮೆಯ ಅಜ್ಜಿಗೆ, ಮೀರಜಕ್ಕೆ ಹೋಗುವ ಜತ್ತ ಸೀಮೆಯ ಬಾಣಂತಿಗೆ ಸ್ಥಳೀಯ ಭಾಷೆ ಯಾವುದು? ಅಲ್ಲಿ ಮರಾಠಿಯ ಜೊತೆಗೆ ಹತ್ತಾರು ಕನ್ನಡ ಮಾತುಗಳನ್ನೂ ಕಲಿಸಿದರೆ ಮರಾಠಿಗೇನೂ ಕುಂದಾಗದು. ಕನ್ನಡ ಬಲ್ಲ ಒಬ್ಬ ಹೆಂಗಸನ್ನು ಹೊರರೋಗಿ ವಿಭಾಗದಲ್ಲಿ ಕೂಡಿಸಿದರೆ ಇನ್ನೂ ಲೇಸು. ಇದನ್ನು ಕೇಳಿ ಅರ್ಜಿ ಬರೆಯುವುದು ಪಾಲಕರ ಸಭೆಯ ಕೆಲಸ. ಕರಡು ನಾವು ಬರೆದುಕೊಡುತ್ತೇವೆ.

ಈ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾವು ಒಂದು ಕೆಲಸ ಕೊಟ್ಟಿದ್ದೆವು. ಮನೆಯಲ್ಲಿ ತಾಯಿ, ಅಜ್ಜಿ, ಅತ್ತೆಯರು ನೋವಿಗೆ ಬಳಸುವ ಮಾತುಗಳನ್ನು ಬರೆದು ತರಬೇಕು, ಎದುರಿಗೆ ಮರಾಠಿ ಅರ್ಥ ಬರೆಯಬೇಕು. ಚುಚ್ಚತದ, ಹಿಂಡತದ, ಜಗ್ಗತದ, ಸಿಡಿತದ, ಜುಮುಜುಮು ಅಂತದ, ಕುಟ್ಟಿದಂಗ ಆಗತದ, ಬೆಂಕಿ ಬಿದ್ದಂಗ ಆಗತದ ಎಂದು ಮಾತುಗಳು ಬಂದವು. ಹುಡುಗರು ಒಂದೊಂದು ಪುಟ ತಂದರು, ಹುಡುಗಿಯರು ನಾಲ್ಕೈದು. ಹುಡುಗಿಯರ ವಹಿಗಳಲ್ಲಿ ಕಡೆಯ ಪುಟಗಳನ್ನು ಮಡಿಸಿ ಪಿನ್ನು ಹಾಕಿತ್ತು. ನಾವು ಅವನ್ನು ಬಿಚ್ಚಲಿಲ್ಲ. ವಿಜ್ಞಾನ ಕಲಿಸುವ ಬಾಯಿಯವರ ಕೈಗೆ ಹಾಗೆಯೇ ಕೊಟ್ಟೆವು. ಅವರು ಅದೆಲ್ಲವನ್ನೂ ಒಂದು ವಹಿಯಲ್ಲಿ ನೀಟಾಗಿ ಬರೆಯುತ್ತಿದ್ದಾರೆ. ಸೊಲ್ಲಾಪುರದಲ್ಲಿ ವೈದ್ಯಕೀಯ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ದೀಪಾವಳಿಗೆ ಊರಿಗೆ ಬಂದಾಗ ಅದನ್ನು ಒಯ್ಯುವವಳಿದ್ದಾಳೆ. ಕೆಲವು ಮಾತುಗಳಿಗೆ ಮರಾಠಿ ಇನ್ನೂ ಸಿಕ್ಕಿಲ್ಲ. ಪಾಲಕರಲ್ಲಿ ಬಲ್ಲ ತಾಯಂದಿರಿದ್ದರೆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಾಯಿಯವರನ್ನು ಕಾಣಬೇಕು.